88 ಸೆಕೆಂಡಿನಲ್ಲಿ ಮಡಗಾಸ್ಕರ್‌ನಿಂದ ಟಿಬೆಟ್‌ಗೆ: ಶಾಲೆಗೆ ಮಾಡಿದ ಎರಡು ಹಲಗೆ

ಬಂಗಾರಪೇಟೆ ಹತ್ತಿರದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಲ್ಯಾಬಿಗೆಂದು ಎರಡು ಹಲಗೆ ಮಾಡಿದ್ದೇವೆ. ಒಂದು, ಭೂಮಿಯ ಒಳಗಿನ ಪದರಗಳನ್ನು ತೋರಿಸುವ ಅರ್ಧ ಚಕ್ರ. ಇನ್ನೊಂದು, ಸ್ವಿಚ್ ಒತ್ತಿದರೆ ಭಾರತ ಜರುಗಿಕೊಂಡು ಹೋಗಿ ಏಷ್ಯಾಕ್ಕೆ ಗುದ್ದುವ ಹಲಗೆ. ಮರದ ಕೆಲಸ ನಮ್ಮೂರಿನ ಆಚಾರ್ರದ್ದು. ಲೆಕ್ಕ, ವೈರಿಂಗ್ ಮತ್ತು ಬಣ್ಣ ನನ್ನದು, ಒಂಬತ್ತನೇ ತರಗತಿ ಮಕ್ಕಳದು. ಬೇರೆ ಶಾಲೆಯವರು ಮಾಡಬೇಕೆಂದರೆ ಅಳತೆ ಸಿಗಲಿ ಅಂತ ಬರೆದಿಡುತ್ತಿದ್ದೇನೆ.

ಹಂತ 1: ಅಳತೆ

ಶುರುವಿನಲ್ಲೇ ಒಂದು ಹಟ ಹಿಡಿದೆ. ಎರಡೂ ಹಲಗೆಗೆ ಒಂದೇ ಸ್ಕೇಲ್ ಇರಬೇಕು, ಎಲ್ಲೂ ಸುಳ್ಳು ಹೇಳಬಾರದು. ಅಂಗಡಿಯಲ್ಲಿ ಸಿಗುವ ಚಾರ್ಟ್‌ಗಳಲ್ಲಿ ಭೂಮಿಯ ಹೊರಪದರವನ್ನು ಬೆರಳಷ್ಟು ದಪ್ಪ ಬರೆದಿರುತ್ತಾರೆ. ಅದನ್ನು ನೋಡಿದ ಮಕ್ಕಳ ತಲೆಯಲ್ಲಿ ಅದೇ ಉಳಿದುಬಿಡುತ್ತದೆ.

1 ಸೆಂ.ಮೀ. ಅಂದರೆ 100 ಕಿ.ಮೀ. ಅಂತ ಇಟ್ಟುಕೊಂಡೆವು. ಆಗ 1 ಮಿ.ಮೀ. ಅಂದರೆ 10 ಕಿ.ಮೀ., ಮಕ್ಕಳಿಗೆ ಲೆಕ್ಕ ಸುಲಭ. ಭೂಮಿಯ ತ್ರಿಜ್ಯ 6,371 ಕಿ.ಮೀ., ಹಲಗೆಯಲ್ಲಿ 63.7 ಸೆಂ.ಮೀ. ಪೂರ್ತಿ ಚಕ್ರ ಮಾಡಿದರೆ 127.4 ಸೆಂ.ಮೀ. ಅಗಲ ಬೇಕು. ಪ್ಲೈವುಡ್ ಶೀಟಿನ ಅಗಲ 4 ಅಡಿ, ಅಂದರೆ 122 ಸೆಂ.ಮೀ. ಅಷ್ಟೇ. ಹಾಗಾಗಿ ಅರ್ಧ ಚಕ್ರ. 8×4 ಅಡಿಯ 12 ಮಿ.ಮೀ. ಶೀಟ್ ಒಂದೇ ತಂದು, ಉದ್ದದಲ್ಲಿ 110 ಸೆಂ.ಮೀ. ಭಾರತದ ಹಲಗೆಗೆ ಕತ್ತರಿಸಿದೆವು. ಉಳಿದ 134 ಸೆಂ.ಮೀ.ನಲ್ಲಿ ಅರ್ಧ ಚಕ್ರ ಸರಿಯಾಗಿ ಕೂತಿತು. ಮಿಕ್ಕ ಪಟ್ಟಿಯಲ್ಲಿ ಸ್ಟ್ಯಾಂಡಿನ ಕಾಲು ಬಂದವು. ಕಸಕ್ಕೆ ಹೋದದ್ದು ತೀರಾ ಕಡಿಮೆ.

ಕಾಲಕ್ಕೂ ಒಂದು ಸ್ಕೇಲ್ ಬೇಕಲ್ವಾ? 1 ಸೆಕೆಂಡ್ ಅಂದರೆ 10 ಲಕ್ಷ ವರ್ಷ. ಭಾರತ ಈಗ ವರ್ಷಕ್ಕೆ ಸುಮಾರು 5 ಸೆಂ.ಮೀ. ಜರುಗುತ್ತಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಜಿಪಿಎಸ್ ಕೇಂದ್ರದ ಅಳತೆಯೂ ಅದನ್ನೇ ಹೇಳುತ್ತದೆ. 10 ಲಕ್ಷ ವರ್ಷಕ್ಕೆ 50 ಕಿ.ಮೀ. ಆಯಿತು. ಹಲಗೆಯ ಮೇಲೆ ಸೆಕೆಂಡಿಗೆ ಅರ್ಧ ಸೆಂ.ಮೀ. ಮೋಟರ್ ಹಾಕಬಹುದಾದ ವೇಗ ಇದು. ಇದನ್ನು ನೋಡಿದ ಮೇಲೇ ಧೈರ್ಯ ಬಂತು.

ಹಂತ 2: ಅರ್ಧ ಚಕ್ರ

ಮೊಳೆ, ದಾರ, ಪೆನ್ಸಿಲ್ ಇಟ್ಟುಕೊಂಡು ಮೂರು ಅರ್ಧವೃತ್ತ ಎಳೆದೆವು. ಹೊರಗಿನದು 63.7 ಸೆಂ.ಮೀ. ಹೊರಪದರದ ಕೆಳಗಿನ ದಪ್ಪ ಪದರ ಮ್ಯಾಂಟಲ್. ಅದು ಮುಗಿದು ಹೊರ ತಿರುಳು ಶುರುವಾಗುವುದು 2,890 ಕಿ.ಮೀ. ಆಳದಲ್ಲಿ, ಹಾಗಾಗಿ ಅದರ ತ್ರಿಜ್ಯ 34.8 ಸೆಂ.ಮೀ. ಒಳ ತಿರುಳು 12.2 ಸೆಂ.ಮೀ. ದಾರ ಎಳೆದಂತೆ ಸ್ವಲ್ಪ ಹಿಗ್ಗುತ್ತದೆ, ದೊಡ್ಡ ವೃತ್ತದಲ್ಲಿ ಒಂದು ತುದಿಗೂ ಇನ್ನೊಂದು ತುದಿಗೂ 4 ಮಿ.ಮೀ. ವ್ಯತ್ಯಾಸ ಬಂತು. 4 ಮಿ.ಮೀ. ಅಂದರೆ 40 ಕಿ.ಮೀ., ಇಡೀ ಹೊರಪದರವೇ ಹೋಯಿತು! ದಾರ ಬಿಟ್ಟು ರೀಪರ್ ಪಟ್ಟಿಗೆ ತೂತು ಹಾಕಿ ಎಳೆದ ಮೇಲೆ ಸರಿಹೋಯಿತು.

ಹೊರಪದರ ಖಂಡಗಳ ಕೆಳಗೆ ಸರಾಸರಿ 35ರಿಂದ 40 ಕಿ.ಮೀ. ಅಂದರೆ ಹಲಗೆಯಲ್ಲಿ 4 ಮಿ.ಮೀ. ಅಂಚಿಗೆ 4 ಮಿ.ಮೀ. ಪ್ಲೈವುಡ್ ಪಟ್ಟಿ ಬಗ್ಗಿಸಿ ಅಂಟಿಸಿದೆವು. ಒಣ ಪಟ್ಟಿ ಬಗ್ಗಿಸಿದರೆ ಟಪ್ ಅಂತ ಮುರಿಯುತ್ತದೆ. ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಫೆವಿಕಾಲ್ ಹಾಕಿ ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿದಾಗ ಕೂತಿತು. ಸಾಗರದ ಕೆಳಗಿನ ಹೊರಪದರ ಬರೀ 7 ಕಿ.ಮೀ. ಅಷ್ಟು ತೆಳು ಮರ ಎಲ್ಲಿಂದ ತರೋದು? ಅಲ್ಲಿ ಪಟ್ಟಿ ಕಿತ್ತು, ನೀಲಿ ಇನ್ಸುಲೇಷನ್ ಟೇಪನ್ನು ನಾಲ್ಕೈದು ಸುತ್ತು ಒಂದರ ಮೇಲೊಂದು ಅಂಟಿಸಿದೆವು. 0.7 ಮಿ.ಮೀ.ಗೆ ಹತ್ತಿರ ಬಂತು.

ಬಣ್ಣದ ವಿಷಯದಲ್ಲಿ ಜಗಳವೇ ಆಯಿತು. ಆಚಾರ್ರು, ಮಕ್ಕಳು ಎಲ್ಲರದೂ ಒಂದೇ ಮಾತು: "ಒಳಗೆಲ್ಲ ಕೆಂಪು ಹೊಡೀರಿ ಸಾ, ಬೆಂಕಿ ಅಲ್ವಾ ಅದು?" ನಾನು ಒಪ್ಪಲಿಲ್ಲ. ಮ್ಯಾಂಟಲ್ ಅನ್ನುವುದು ಕರಗಿದ ಲಾವಾ ಅಲ್ಲ, ಗಟ್ಟಿ ಬಂಡೆ. ತುಂಬಾ ಬಿಸಿ ಇರುವುದರಿಂದ ಕೋಟ್ಯಂತರ ವರ್ಷಗಳಲ್ಲಿ ನಿಧಾನವಾಗಿ ಜರುಗುತ್ತದೆ, ಅಷ್ಟೆ. ಮೇಲಿನ ಮ್ಯಾಂಟಲ್‌ನಲ್ಲಿ ಒಲಿವಿನ್ ಅನ್ನುವ ಹಸಿರು ಖನಿಜ ಜಾಸ್ತಿ. ಹಾಗಾಗಿ ಮ್ಯಾಂಟಲ್‌ಗೆ ಮಂಕು ಹಸಿರು ಹೊಡೆದು, ಕೆಳಗೆ ಹೋದಂತೆ ಕಪ್ಪು ಬೆರೆಸಿದೆವು. ಹೊರ ತಿರುಳು ನಿಜವಾಗಿಯೂ ದ್ರವ, ಕರಗಿದ ಕಬ್ಬಿಣ ಮತ್ತು ನಿಕಲ್. ಅದಕ್ಕೆ ಮಾತ್ರ ಕೆಂಪು. ಒಳ ತಿರುಳು ಒತ್ತಡದಿಂದ ಮತ್ತೆ ಗಟ್ಟಿ, ಅದಕ್ಕೆ ಹಳದಿ. ನೋಡೋಕೆ ಬಂದವರೆಲ್ಲ ಈಗಲೂ "ಲಾವಾ ಎಲ್ಲಿ?" ಅಂತ ಕೇಳುತ್ತಾರೆ. ಕೇಳಲಿ ಅಂತಲೇ ಹಸಿರು ಹೊಡೆದದ್ದು.

ಪದರದ ಪಕ್ಕ ಚಿಕ್ಕ ಚೀಟಿ ಅಂಟಿಸಿದ್ದೇವೆ. ತಿರುಳು ಇದೆ ಅಂತ ಭೂಕಂಪದ ಅಲೆಗಳಿಂದ ತೋರಿಸಿದ್ದು 1906ರಲ್ಲಿ ರಿಚರ್ಡ್ ಓಲ್ಡ್‌ಹ್ಯಾಮ್. ಭಾರತದ ಭೂವಿಜ್ಞಾನ ಸರ್ವೇಕ್ಷಣೆಯಲ್ಲಿದ್ದವರು, 1897ರ ಅಸ್ಸಾಂ ಭೂಕಂಪವನ್ನು ಅಧ್ಯಯನ ಮಾಡಿದವರು. ಒಳ ತಿರುಳು ಬೇರೆ ಇದೆ ಅಂತ 1936ರಲ್ಲಿ ಹೇಳಿದ್ದು ಡೆನ್ಮಾರ್ಕಿನ ಇಂಗೆ ಲೇಮನ್. ಇನ್ನೊಂದು ಚೀಟಿ ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯದು: ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪ ಅಳೆಯುವ ಉಪಕರಣಗಳ ಸಾಲೇ ಇದೆ. ದೂರದ ದೇಶಗಳ ಅಣು ಪರೀಕ್ಷೆ ಪತ್ತೆ ಹಚ್ಚೋಕೆ ಹಾಕಿದ್ದು.

ಕೆಜಿಎಫ್ ಗಣಿಯನ್ನು ಗುರುತು ಮಾಡಲೇಬೇಕು ಅಂತ ಮಕ್ಕಳು ಹಟ ಹಿಡಿದರು. ಎಷ್ಟೋ ಮಕ್ಕಳ ತಾತಂದಿರು ಅಲ್ಲೇ ಕೆಲಸ ಮಾಡಿದವರು. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿ.ಮೀ. ಆಳ. ನಮ್ಮ ಹಲಗೆಯಲ್ಲಿ 0.32 ಮಿ.ಮೀ. ಮೊಳೆಯಿಂದ ಗೀರಿದರೆ ಅದೇ 1 ಮಿ.ಮೀ. ಆಗಿಬಿಡುತ್ತದೆ. ಕೊನೆಗೆ ಬ್ಲೇಡಿನ ತುದಿಯಿಂದ ಬಣ್ಣದ ಪದರ ಮಾತ್ರ ಕೆರೆದೆವು. ಪೋಷಕರ ಸಭೆಗೆ ಬಂದ ಒಬ್ಬ ತಾತ ಕನ್ನಡಕ ತೆಗೆದು ಬಗ್ಗಿ ನೋಡಿದರು. "ಇಷ್ಟೇನಾ? ಕೆಳಗೆ ಬಂಡೆ ಮುಟ್ಟಿದರೆ ಕೈ ಸುಡ್ತಿತ್ತು ಸ್ವಾಮಿ" ಅಂದರು. ಆ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಪಕ್ಕದಲ್ಲೇ ಎವರೆಸ್ಟ್ ಇದೆ, 0.9 ಮಿ.ಮೀ., ಫೆವಿಕಾಲಿನ ಒಂದು ಚುಕ್ಕೆ.

ಹಂತ 3: ಭಾರತದ ಹಾದಿ

4 ಮಿ.ಮೀ. ಪ್ಲೈವುಡ್ಡಿನಲ್ಲಿ ಭಾರತ ಕತ್ತರಿಸಿದೆವು, ದಕ್ಷಿಣದ ತುದಿಯಿಂದ ಉತ್ತರಕ್ಕೆ 32 ಸೆಂ.ಮೀ. ಮಡಗಾಸ್ಕರ್ ಹಲಗೆಗೇ ಅಂಟಿಸಿದ್ದು, ಅದು ಜರುಗಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ ಎರಡೂ ಬೇರೆಯಾದವು. ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಕಲ್ಲುಗಳು ಆ ಒಡಕಿನ ಕಾಲದ ಜ್ವಾಲಾಮುಖಿಯವು, ಅಲ್ಲಿಗೊಂದು ಹಳದಿ ಚುಕ್ಕೆ ಇಟ್ಟೆವು. ಕೋಲಾರಕ್ಕೆ ಹಿತ್ತಾಳೆ ಪಿನ್.

ಮೊದಲು ಹಲಗೆಯಲ್ಲಿ ಒಂದೇ ಸೀಳು ಮಾಡಿ, ಭಾರತದ ಕೆಳಗೆ ಒಂದೇ ಬೋಲ್ಟ್ ಹಾಕಿದ್ದೆವು. ಎಳೆದ ತಕ್ಷಣ ಗಿರ್ರನೆ ತಿರುಗಿ ಕನ್ಯಾಕುಮಾರಿ ಪಶ್ಚಿಮಕ್ಕೆ ಹೋಯಿತು. ಮಕ್ಕಳಿಗೆ ಭಾರೀ ಖುಷಿ. ಹಾದಿಯಲ್ಲಿ ಭಾರತ ತಿರುಗಿದ್ದು ನಿಜವೇ, ಆದರೆ ಗಡಿಯಾರದ ವಿರುದ್ಧ ದಿಕ್ಕಿಗೆ, ನಿಧಾನವಾಗಿ. ನಾವು ಒಟ್ಟು 30 ಡಿಗ್ರಿ ಇಟ್ಟುಕೊಂಡೆವು.

ಅದಕ್ಕೆ ಎರಡು ಬೋಲ್ಟ್, ಎರಡು ಸೀಳು ಬೇಕು. ಮುಂದಿನ ಬೋಲ್ಟಿನ ಹಾದಿ ಮೊದಲು ಬರೆದುಕೊಂಡೆವು. ಆಮೇಲೆ ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಭಾರತವನ್ನು ಸ್ವಲ್ಪ ಸ್ವಲ್ಪವೇ ಜರುಗಿಸಿ, ಪ್ರತಿ ಜಾಗದಲ್ಲೂ ಬೇಕಾದಷ್ಟು ತಿರುಗಿಸಿ, ಹಿಂದಿನ ತೂತಿನಲ್ಲಿ ಪೆನ್ಸಿಲ್ ಚುಕ್ಕೆ ಇಟ್ಟೆವು. ಚುಕ್ಕೆ ಸೇರಿಸಿದರೆ ಅದೇ ಎರಡನೇ ಸೀಳು. ಜಿಗ್‌ಸಾ ಮೆಷಿನ್ನಿನಲ್ಲಿ 8 ಮಿ.ಮೀ. ಅಗಲ ಕೊರೆದು 6 ಮಿ.ಮೀ. ಬೋಲ್ಟ್ ಹಾಕಿದೆವು. ಬಾಗಿನ ಕಡೆ ಎರಡು ಜಾಗದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆಚಾರ್ರು ಅರ ಹಾಕಿ ಉಜ್ಜಿ, ಒಳಗೆ ಮೇಣದಬತ್ತಿ ತಿಕ್ಕಿದರು. ಬೋಲ್ಟಿನ ಎರಡೂ ಕಡೆ ನೈಲಾನ್ ವಾಷರ್ ಹಾಕೋದು ಮರೆಯಬೇಡಿ. ಕಬ್ಬಿಣದ ವಾಷರ್ ಬಣ್ಣವನ್ನೆಲ್ಲ ಕೆರೆದುಬಿಡುತ್ತದೆ.

ಹಂತ 4: ಎಳೆತ ಮತ್ತು ವೇಗ

ಹಿಂದಿನಿಂದ ಥ್ರೆಡ್ ರಾಡಿನಲ್ಲಿ ತಳ್ಳೋಣ ಅಂತ ಆಚಾರ್ರು ಹೇಳಿದ್ದರು. ರಾಡ್ ಬೇಕಾದಷ್ಟು ಉದ್ದ ಸಿಗದೆ, ಮುಂದಿನಿಂದ ದಾರ ಕಟ್ಟಿ ಎಳೆಯುವುದಕ್ಕೆ ಬಂದೆವು. ಒಳ್ಳೆಯದೇ ಆಯಿತು. ಭೂಮಿಯಲ್ಲೂ ದೊಡ್ಡ ಬಲ ಬರುವುದು ಎಳೆತದಿಂದಲೇ. ಭಾರತದ ಮುಂದಿದ್ದ ಟೆಥಿಸ್ ಸಾಗರದ ತಳ ಏಷ್ಯಾದ ಕೆಳಗೆ ಮುಳುಗುತ್ತಾ, ಹಿಂದಿದ್ದ ಭಾರತವನ್ನು ಎಳೆದುಕೊಂಡು ಹೋಯಿತು. ದಾರ ಹಲಗೆಯ ಹಿಂದೆ ಇಳಿದು ಮಾಯವಾಗುವ ಜಾಗಕ್ಕೆ "ಟೆಥಿಸ್" ಅಂತ ಬರೆದೆವು.

ಕಷ್ಟ ಇದ್ದದ್ದು ವೇಗದಲ್ಲಿ. ಭಾರತ ಒಂದೇ ವೇಗದಲ್ಲಿ ಬರಲಿಲ್ಲ. ಮೊದಲು ಸಾಧಾರಣ ವೇಗ. ಸುಮಾರು 6.7 ಕೋಟಿ ವರ್ಷದ ಹಿಂದೆ ಜೋರು ಹಿಡಿಯಿತು, ವರ್ಷಕ್ಕೆ 15 ಸೆಂ.ಮೀ. ದಾಟಿತು. 5 ಕೋಟಿ ವರ್ಷದ ಹಿಂದೆ ಏಷ್ಯಾಕ್ಕೆ ತಾಗಿದ ಮೇಲೆ 5 ಸೆಂ.ಮೀ. ಹತ್ತಿರಕ್ಕೆ ಇಳಿಯಿತು. ಹಲಗೆಯಲ್ಲಿ ಸೆಕೆಂಡಿಗೆ 0.6, ಆಮೇಲೆ 1.5, ಕೊನೆಗೆ 0.5 ಸೆಂ.ಮೀ. ಒಟ್ಟು ಓಟ 63 ಸೆಂ.ಮೀ.

ನಿಮಿಷಕ್ಕೆ 10 ಸುತ್ತಿನ 12 ವೋಲ್ಟ್ ಗೇರ್ ಮೋಟರ್ ತಂದು, ವೇಗ ಕಡಿಮೆ ಮಾಡೋಕೆ ಪಿಡಬ್ಲ್ಯೂಎಂ ಕಂಟ್ರೋಲರ್ ಹಾಕಿದೆ. ಮೂರನೇ ಒಂದು ಭಾಗಕ್ಕೆ ಇಳಿಸಿದರೆ ಮೋಟರ್ ಗುಂಯ್ ಅಂತ ಸದ್ದು ಮಾಡುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಅದೂ ಏಷ್ಯಾಕ್ಕೆ ತಾಗುವ ಹೊತ್ತಿನಲ್ಲೇ, ಬಲ ಜಾಸ್ತಿ ಬೇಕಾದ ಕಡೆಯಲ್ಲೇ. ಕಂಟ್ರೋಲರ್‌ಗೆ ಕೊಟ್ಟ ದುಡ್ಡು ದಂಡ.

ದಾರಿ ತೋರಿಸಿದ್ದು ಆಚಾರ್ರು. "ಮೋಟರ್ ಸುಮ್ನೆ ಒಂದೇ ಸಮ ತಿರುಗಲಿ ಮೇಷ್ಟ್ರೇ, ಉರುಳೆ ದಪ್ಪ ಬದಲಾಯಿಸೋಣ" ಅಂದರು. ಮಂಚದ ಕಾಲು ಕಡೆಯುವ ಲೇತಿನಲ್ಲಿ ಒಂದೇ ಮರದ ಉರುಳೆಗೆ ಮೂರು ಮೆಟ್ಟಿಲು ಕಡೆಸಿ ತಂದರು: ವ್ಯಾಸ 1.2 ಸೆಂ.ಮೀ., 3 ಸೆಂ.ಮೀ., 1 ಸೆಂ.ಮೀ. ದಾರ ಮೊದಲ ಮೆಟ್ಟಿಲಿಗೆ ಮೂರು ಸುತ್ತು ಚಿಲ್ಲರೆ ಸುತ್ತಿಕೊಂಡು ದಪ್ಪ ಮೆಟ್ಟಿಲಿಗೆ ಹತ್ತುತ್ತದೆ. ಅಲ್ಲಿ ಮೂರು ಸುತ್ತು ಮುಗಿಯೋ ಮೊದಲೇ ಸಣ್ಣದಕ್ಕೆ ಇಳಿದು ಎಂಟು ಸುತ್ತು ಸುತ್ತುತ್ತದೆ. ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ 0.63, 1.57, 0.52 ಸೆಂ.ಮೀ. ಬರುತ್ತದೆ. ಸಣ್ಣ ಉರುಳೆಯಲ್ಲಿ ಎಳೆಯುವ ಬಲವೂ ಜಾಸ್ತಿ, ಡಿಕ್ಕಿಯ ಹೊತ್ತಿಗೆ ಬೇಕಾದದ್ದೂ ಅದೇ. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಈ ಉರುಳೆ.

ಸಣ್ಣದರಿಂದ ದಪ್ಪಕ್ಕೆ ಹತ್ತುವಲ್ಲಿ ದಾರ ಜಾರುತ್ತಿತ್ತು. ನೇರ ಮೆಟ್ಟಿಲು ತೆಗೆದು ಇಳಿಜಾರು ಮಾಡಿ, ಅದರ ಮೇಲೆ ದಾರ ಕೂರುವಂತೆ ಒಂದು ಗೀರು ಕೊರೆದ ಮೇಲೆ ಹತ್ತಿತು. ಸೈಕಲ್ ಬ್ರೇಕ್ ವೈರ್ ಪ್ರಯತ್ನಿಸಬೇಡಿ, 1 ಸೆಂ.ಮೀ. ಉರುಳೆಗೆ ಅದು ಬಗ್ಗುವುದಿಲ್ಲ. ಗಾರೆಯವರ ನೈಲಾನ್ ದಾರ ಹಿಗ್ಗುತ್ತದೆ. ಕಿಟಕಿ ಬ್ಲೈಂಡ್‌ನ 2 ಮಿ.ಮೀ. ದಾರ ಸರಿಹೋಯಿತು. ವಾಪಸ್ ಬರೋಕೆ ಮೋಟರ್ ಉಲ್ಟಾ ತಿರುಗಿಸುವ ಸ್ವಿಚ್ ಇದೆ. ಹಲಗೆ ಓರೆಯಾಗಿ ನಿಂತಿರುವುದರಿಂದ ಕೆಳಗೆ ಕಟ್ಟಿದ ಒಂದು ಲೀಟರ್ ನೀರಿನ ಬಾಟಲಿ ಭಾರತವನ್ನು ಮತ್ತೆ ಮಡಗಾಸ್ಕರ್ ಪಕ್ಕಕ್ಕೆ ಎಳೆದು ತರುತ್ತದೆ.

ಹಂತ 5: ಡಿಕ್ಕಿ

ಇದೇ ನಮ್ಮನ್ನು ಸತಾಯಿಸಿದ್ದು. ಏಷ್ಯಾಕ್ಕೆ ತಾಗಿದ ಮೇಲೂ ಭಾರತ 5 ಕೋಟಿ ವರ್ಷದಿಂದ ವರ್ಷಕ್ಕೆ 5 ಸೆಂ.ಮೀ.ನಂತೆ ತಳ್ಳುತ್ತಲೇ ಇದೆ. ಅಂದರೆ 2,500 ಕಿ.ಮೀ. ಹಲಗೆಯಲ್ಲಿ 25 ಸೆಂ.ಮೀ. ಇಷ್ಟು ಜಾಗ ಎಲ್ಲಿಗೆ ಹೋಗಬೇಕು?

ಮೊದಲ ಪ್ರಯತ್ನ, 25 ಸೆಂ.ಮೀ. ಸ್ಪಾಂಜ್. ಭಾರತ ಅದನ್ನು ಒತ್ತಿ ಒತ್ತಿ ಮಧ್ಯದಲ್ಲಿ ಒಂದು ಗೇಣು ಎತ್ತರ ಉಬ್ಬಿಸಿತು. ನಮ್ಮ ಸ್ಕೇಲಿನಲ್ಲಿ ಅದು ಸಾವಿರ ಕಿಲೋಮೀಟರ್‌ಗಿಂತ ಎತ್ತರದ ಹಿಮಾಲಯ! ಎವರೆಸ್ಟ್ ಇರಬೇಕಾದದ್ದು ಫೆವಿಕಾಲ್ ಚುಕ್ಕೆಯಷ್ಟು. ಪರದೆ ಬಟ್ಟೆಯನ್ನು ನೆರಿಗೆ ಮಾಡಿ ಇಟ್ಟರೆ ಅದು ಹೋಗಿ ಸೀಳಿಗೆ ಸಿಕ್ಕಿಕೊಂಡಿತು.

ಆಮೇಲೆ ನಿಜವಾಗಿ ಏನಾಯಿತೋ ಅದನ್ನೇ ಮಾಡೋಣ ಅಂತ ಕೂತೆವು. ಭಾರತದ ಉತ್ತರದಲ್ಲಿ ಇನ್ನೂ ಒಂದಷ್ಟು ನೆಲ ಇತ್ತು, ಈಗ ಅದು ಕಾಣಲ್ಲ. ಅದರಲ್ಲಿ ಒಂದು ಪಾಲು ಟಿಬೆಟ್‌ನ ದಕ್ಷಿಣ ಭಾಗದ ಕೆಳಗೆ ನುಗ್ಗಿದೆ. ಅದರ ಮೇಲ್ಪದರ ಮತ್ತು ಟೆಥಿಸ್ ತಳದ ಮಣ್ಣು, ಸುಣ್ಣಕಲ್ಲು ಕೆರೆದುಕೊಂಡು ಬಂದು ಮಡಿಕೆ ಬಿದ್ದದ್ದು ಹಿಮಾಲಯ. ಏಷ್ಯಾ ತಾನೂ ಕುಗ್ಗಿ ಹಿಂದಕ್ಕೆ ಸರಿದಿದೆ.

ಹಾಗಾಗಿ ಭಾರತದ ಮುಂದೆ 13 ಸೆಂ.ಮೀ. ಹೆಚ್ಚಿಗೆ ಪ್ಲೈ ಜೋಡಿಸಿ, ಬೇರೆ ಬಣ್ಣ ಹೊಡೆದೆವು. ಅದರ ಮೇಲೆ ಫೆಲ್ಟ್ ಬಟ್ಟೆ ಹಾಸಿ, ಹಿಂದಿನ ಅಂಚನ್ನು ಮಾತ್ರ ಅಂಟಿಸಿದೆವು. ಟಿಬೆಟ್ ಅಂದರೆ 20 ಸೆಂ.ಮೀ. ಅಗಲದ ಇನ್ನೊಂದು 4 ಮಿ.ಮೀ. ಪ್ಲೈ, ಅದು 12 ಸೆಂ.ಮೀ. ಉತ್ತರಕ್ಕೆ ಜರುಗಬಲ್ಲದು, ಸೈಕಲ್ ಟ್ಯೂಬಿನ ಪಟ್ಟಿಗಳು ಅದನ್ನು ಹಿಂದಕ್ಕೆ ಎಳೆದು ಹಿಡಿದಿವೆ. 13 ಮತ್ತು 12, ಲೆಕ್ಕ 25. ಈ ಹಂಚಿಕೆ ನಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು.

ಮೊದಲ ಸಲ ಭಾರತ ಕೆಳಗೆ ಹೋಗಲೇ ಇಲ್ಲ, ಟಿಬೆಟ್ಟನ್ನು ಪೂರ್ತಿ ತಳ್ಳಿಕೊಂಡು ಹೋಯಿತು. ಭಾರತದ ಮುಂದಿನ ಅಂಚನ್ನು 1 ಮಿ.ಮೀ. ಆಗುವವರೆಗೆ ಓರೆಯಾಗಿ ಉಜ್ಜಿ, ಟಿಬೆಟ್‌ನ ಕೆಳ ಅಂಚನ್ನೂ ಹಾಗೇ ಉಜ್ಜಿ, ಟ್ಯೂಬ್ ಪಟ್ಟಿ ಜೋಡಿ ಮಾಡಿದೆವು. ಆಮೇಲೆ ನೋಡಬೇಕಿತ್ತು! ಬಣ್ಣದ ತುದಿ ಮೆಲ್ಲಗೆ ಟಿಬೆಟ್ ಕೆಳಗೆ ತೂರುತ್ತದೆ, ಟಿಬೆಟ್ ಮೇಲೇಳುತ್ತದೆ, ಫೆಲ್ಟ್ ಅಂಚಿಗೆ ತಾಗಿ ಕಾಲಿನಿಂದ ಒದ್ದ ಚಾಪೆಯ ಹಾಗೆ ಮಡಿಕೆ ಬೀಳುತ್ತದೆ. ಕೊನೆಗೆ ಎರಡು ಪ್ಲೈ ಸೇರಿ 8 ಮಿ.ಮೀ. ದಪ್ಪ. ಟಿಬೆಟ್ ಕೆಳಗೆ ಹೊರಪದರ ಸುಮಾರು 70 ಕಿ.ಮೀ., ಅಂದರೆ 7 ಮಿ.ಮೀ. ಮಡಿಕೆ ಮಾತ್ರ ಇನ್ನೂ ಎತ್ತರ ಜಾಸ್ತಿ, 2 ಸೆಂ.ಮೀ. ಇದೆ. ಆ ಒಂದು ಕಡೆ ನನ್ನ ಹಟ ಸೋತಿತು. ಪಕ್ಕದಲ್ಲಿ ಚೀಟಿ ಬರೆದು ಅಂಟಿಸಿದ್ದೇನೆ.

ಟಿಬೆಟ್ ಸಲೀಸಾಗಿ ಜರುಗಲ್ಲ. ಸ್ವಲ್ಪ ಹೊತ್ತು ಕಚ್ಚಿಕೊಂಡು, ಟಕ್ ಅಂತ ಜಿಗಿಯುತ್ತದೆ, ಮತ್ತೆ ಕಚ್ಚಿಕೊಳ್ಳುತ್ತದೆ. ಆಚಾರ್ರು ಮೇಣ ಹಿಡಿದುಕೊಂಡು ಬಂದರು. ಬೇಡ ಅಂತ ತಡೆದೆ. 2015ರ ನೇಪಾಳ ಭೂಕಂಪ, 7.8 ತೀವ್ರತೆಯದ್ದು, ಹಿಮಾಲಯದ ಕೆಳಗೆ ಹೀಗೇ ಕಚ್ಚಿಕೊಂಡದ್ದು ಜಾರಿದ್ದು. ಮಕ್ಕಳು ಆ ಟಕ್ ಸದ್ದಿಗೇ ಕಾಯುತ್ತಾರೆ.

ಹಂತ 6: ದೀಪ, ಸ್ವಿಚ್

ಹಾದಿಯಲ್ಲಿ ಭಾರತ ಈಗಿನ ರಿಯೂನಿಯನ್ ದ್ವೀಪದ ಕೆಳಗಿನ ಬಿಸಿ ತಾಣದ, ಅಂದರೆ ಮ್ಯಾಂಟಲ್‌ನ ಆಳದಿಂದ ಬಿಸಿ ಮೇಲೇಳುವ ಜಾಗದ, ಮೇಲೆ ಹಾದುಹೋಯಿತು. 6.6 ಕೋಟಿ ವರ್ಷದ ಹಿಂದೆ ದಖ್ಖನ್ನಿನ ಲಾವಾ ಉಕ್ಕಿದ್ದು ಆಗಲೇ. ಬೆಳಗಾವಿ, ಕಲಬುರಗಿ ಕಡೆಯ ಕಪ್ಪು ಕಲ್ಲು ಅದೇ. ಹಲಗೆಯ ಆ ಜಾಗದಲ್ಲಿ ಕೆಂಪು ಎಲ್‌ಇಡಿ ಕೂರಿಸಿ, ಭಾರತದ ಪಶ್ಚಿಮ ಭಾಗದಲ್ಲಿ ಒಂದೂವರೆ ಸೆಂ.ಮೀ. ತೂತು ಹಾಕಿದೆವು. ತೂತು ಮೇಲೆ ಬಂದಾಗ ಒಂದೇ ಸೆಕೆಂಡ್ ಬೆಳಗುತ್ತದೆ, ಕಣ್ಣು ಮಿಟುಕಿಸಿದರೆ ಹೋಯಿತು. ತೂತು ದೊಡ್ಡದು ಮಾಡಿ ಅಂತ ಮಕ್ಕಳು ಕೇಳಿದರು. ಮಾಡಲಿಲ್ಲ. ಆ ಲಾವಾದ ಬಹುಪಾಲು ಉಕ್ಕಿದ್ದು 10 ಲಕ್ಷ ವರ್ಷದೊಳಗೇ.

ಕೋಲಾರದ ಪಿನ್ ನೋಡಿ ಒಬ್ಬಳು ಕೇಳಿದಳು, "ಮಡಗಾಸ್ಕರ್ ಬಿಟ್ಟಾಗ ನಮ್ಮ ಚಿನ್ನ ಇತ್ತಾ ಸಾರ್?" ಇತ್ತು. ಚಿನ್ನ ಸಿಕ್ಕ ಕಪ್ಪು ಶಿಲೆಗೆ ಸುಮಾರು 270 ಕೋಟಿ ವರ್ಷ. ಈ ಮೋಟರಿನ ಲೆಕ್ಕದಲ್ಲಿ 45 ನಿಮಿಷ, ಒಂದು ಪೀರಿಯಡ್. ಈಗ ಪಾಠ ಶುರುವಾದಾಗ "ಕೋಲಾರದ ಕಲ್ಲು ಹುಟ್ಟಿತು" ಅಂತ ಬೋರ್ಡಿನಲ್ಲಿ ಬರೆದು, ಬೆಲ್ ಹೊಡೆಯೋಕೆ ಒಂದೂವರೆ ನಿಮಿಷ ಇರುವಾಗ ಸ್ವಿಚ್ ಒತ್ತುತ್ತೇನೆ.

ಖರ್ಚು

12 ಮಿ.ಮೀ. ಪ್ಲೈ 1,900, 4 ಮಿ.ಮೀ. ಪ್ಲೈ 850. ಮೋಟರ್ 480, ಅಡಾಪ್ಟರ್ 280, ಕೆಲಸಕ್ಕೆ ಬಾರದ ಕಂಟ್ರೋಲರ್ 160. ಸ್ವಿಚ್, ವೈರ್, ಎಲ್‌ಇಡಿ 230. ಸ್ಲೈಡಿಂಗ್ ಕಿಟಕಿಯ ರೋಲರ್ 120. ಪ್ರೈಮರ್, ಪುಟ್ಟಿ, ಎನಾಮೆಲ್ ಬಣ್ಣ ಸೇರಿ 1,150. ಬೋಲ್ಟ್, ಫೆವಿಕಾಲ್, ಉಪ್ಪುಕಾಗದ, ಫೆಲ್ಟ್, ದಾರ 540. ಆಚಾರ್ರ ಕೂಲಿ 2,400, ಉರುಳೆ ಕಡೆಸಿದ್ದೂ ಅದರಲ್ಲೇ ಬಂತು. ಒಟ್ಟು 8,110 ರೂಪಾಯಿ. ಸೈಕಲ್ ಟ್ಯೂಬ್ ಪಂಕ್ಚರ್ ಅಂಗಡಿಯವರು ಪುಕ್ಕಟೆ ಕೊಟ್ಟರು.

ಬಾಕಿ ಕೆಲಸ

ಫೆಲ್ಟ್ ವಾಪಸ್ ಬಂದಾಗ ಚಪ್ಪಟೆಯಾಗಲ್ಲ, ಪ್ರತಿ ಸಲ ಕೈಯಿಂದ ಒತ್ತಿ ಹಾಸಬೇಕು. ಅದರ ಹಿಂದೆ ತೆಳು ರಬ್ಬರ್ ಹಾಳೆ ಅಂಟಿಸಿ ನೋಡಬೇಕು ಅಂದುಕೊಂಡಿದ್ದೇವೆ. ಉತ್ತರದ ತುದಿಯಲ್ಲಿ ಮೋಟರ್ ತಾನಾಗಿ ನಿಲ್ಲಿಸುವ ಲಿಮಿಟ್ ಸ್ವಿಚ್ ಇಲ್ಲದೆ ಒಮ್ಮೆ ದಾರ ಕಿತ್ತುಹೋಯಿತು, ಈಗ ಹಾಕಿದ್ದೇವೆ. ಸೀಳನ್ನು ಮಾತ್ರ "ಇಂದು" ಅನ್ನುವ ಗೆರೆಗಿಂತ 5 ಮಿ.ಮೀ. ಮುಂದಕ್ಕೆ ಕೊರೆದಿದ್ದಾರೆ. ಯಾಕೆ ಅಂತ ಕೇಳಿದರೆ ಆಚಾರ್ರು "ಇನ್ನೊಂದು ಹತ್ತು ಲಕ್ಷ ವರ್ಷಕ್ಕೆ ಜಾಗ ಬೇಡ್ವಾ?" ಅಂದರು. ಉರುಳೆಯ ಅಳತೆ ಮೇಲಿದೆ. ದಾರದ ದಪ್ಪ ಬೇರೆ ಹಾಕುವವರು ಮೆಟ್ಟಿಲಿನ ಅಗಲವನ್ನು ಅದಕ್ಕೆ ತಕ್ಕ ಹಾಗೆ ಬದಲಾಯಿಸಿಕೊಳ್ಳಿ.